ಹಿಮಬಂಡಿಯ ನಾಯಿಗಳು

ಅಲಾಸ್ಕದ ಫೇರ್‌ಬ್ಯಾಂಕ್ಸ್ ಪಟ್ಟಣದ ಹೊರಗೆ ನಾವು ಬಿಡಾರಮಾಡಿಕೊಂಡಿದ್ದಾಗ, ನೆರೆಮನೆಯ ಯಜಮಾನರು ಮೂವತ್ತು ನಾಯಿಗಳನ್ನು ಸಾಕಿಕೊಂಡಿದ್ದರು. ನಾಯಿಯನ್ನು ಹೊಸ್ತಿಲ ಹೊರಗೇ ಕಂಡು ಬೆಳೆದ ನಮಗೆ ಮೊದಮೊದಲು ಅವುಗಳ ಊಳು ಕೇಳಿ ನಿದ್ರೆ ಹತ್ತದು. ಒಂದು ಶರತ್ಕಾಲದಲ್ಲಿ ಆ ಮಹನೀಯರು ಬಿದ್ದು ಕಾಲು ಮುರಿದುಕೊಳ್ಳಲು, ಎಂಟು ಎಳೆಯ ನಾಯಿಗಳನ್ನು ಪಳಗಿಸುವ ಭಾರ ನಮ್ಮ ಪಾಲಿಗೆ ಬಂದಿತು.

ಆ ಸೀಮೆಯಲ್ಲಿ ಮಾರ್ಚಿ ತಿಂಗಳಲ್ಲಿ ಜರುಗುವ ಇಡಿಟರಾಡ್ ಎಂಬ ಪಂದ್ಯದ ಹೆಸರನ್ನು ವಾಚಕರಲ್ಲಿ ಕೆಲವರು ಕೇಳಿರಬಹುದು. ನೋಮ್ ಪಟ್ಟಣದವರೆಗಿನ ಸುಮಾರು 1,000 ಮೈಲಿಯ ಈ ಓಟವು 1973ರಲ್ಲಿ ಆರಂಭವಾಯಿತು. ಅದಕ್ಕೆ ಬಹು ಹಿಂದೆ, 1925ರಲ್ಲಿ, ಅದೇ ನೋಮಿನಲ್ಲಿ ಡಿಫ್ತೀರಿಯ ರೋಗವು ತಲೆದೋರಿದಾಗ, ಇಪ್ಪತ್ತು ಮಂದಿ ಸಾರಥಿಗಳು ಸರದಿಯ ಮೇಲೆ ನಾಯಿಬಂಡಿ ಹೂಡಿ, 674 ಮೈಲಿಯಾಚೆಯಿಂದ ಆರು ದಿನ ತುಂಬುವುದರೊಳಗೆ ಔಷಧವನ್ನು ಮುಟ್ಟಿಸಿದ್ದರು.

ಹಿಮ ಬೀಳುವ ಮುನ್ನವೇ ಶಿಕ್ಷಣ ಮೊದಲಾಗುವುದು. ನಾಲ್ಕು ಚಕ್ರದ ಸಣ್ಣ ಮೋಟಾರು ಗಾಡಿಗೆ ನಾಯಿಗಳನ್ನು ಜೋಡಿಜೋಡಿಯಾಗಿ ಒಂದೇ ಹಗ್ಗಕ್ಕೆ ಕಟ್ಟುವರು. ಮುಂದಾಳಾದ ನಾಯಿಯು 'ಜೀ' ಎಂದರೆ ಬಲಕ್ಕೂ 'ಹಾ' ಎಂದರೆ ಎಡಕ್ಕೂ ತಿರುಗಬೇಕು. ಬಂಡಿಯ ಹತ್ತಿರದವು ಬಲಿಷ್ಠವಾಗಿರಬೇಕು. ಮೊದಲು ಎರಡು ಮೂರು ಮೈಲಿ, ನಡುಚಳಿಗಾಲಕ್ಕೆ ನಲವತ್ತು ಐವತ್ತು ಮೈಲಿ. ಈ ನಾಯಿಗಳಿಗೆ ಚಳಿಗಿಂತ ಸೆಕೆಯೇ ಶತ್ರು. ಆದಕಾರಣ ಬೆಳಗಿನ ನಾಲ್ಕು ಗಂಟೆಗೇ ಹೊರಡುತ್ತಿದ್ದೆವು. "ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಏಳದವರು ನಾಯಿಗಳಿಗಾಗಿ ಏಳುವಿರಲ್ಲ!" ಎಂದು ನಮ್ಮ ಮನೆಯಾಕೆ ಹೇಳಿದುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಗಂಟೆಗೆ 10 ಮೈಲಿ ಮೀರಕೂಡದೆಂದು ಯಜಮಾನರ ಕಟ್ಟಪ್ಪಣೆ. ನಾವಾದರೋ ಕೈಗಡಿಯಾರ ನೋಡಿ ಹಿಗ್ಗಿದೆವು. ಅಕ್ಟೋಬರಿನ ಒಂದು ಬೆಳಗ್ಗೆ ಇಳಿಜಾರಿನಲ್ಲಿ ಬಿರಿಯನ್ನು ಸಡಿಲಬಿಟ್ಟೆವು. ನಾಯಿಗಳು ಬಾಣದಂತೆ ಹಾರಿದುವು. ನಾವು ಬೂದಿಯೆಂದು ಕರೆಯುತ್ತಿದ್ದ ಬೂದುಬಣ್ಣದ ಹೆಣ್ಣುನಾಯಿ ಎಲ್ಲಕ್ಕೂ ಮುಂದಿತ್ತು. ಮನೆ ಸೇರುವವರೆಗೂ ಅದರ ಹಗ್ಗ ಒಂದಿಷ್ಟೂ ಸಡಿಲಲಿಲ್ಲ. ಸಂಜೆ ನೋಡಿದರೆ ಮುಂಗಾಲಿನ ಮಣಿಕಟ್ಟು ಊದಿಕೊಂಡಿದೆ! ಯಜಮಾನರು ಊರುಗೋಲು ಹಿಡಿದು ಬಂದು, ಕಾಲನ್ನು ಸವರಿ, ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಓಡುವುದಕ್ಕೆ ಅವಕ್ಕೆ ನೀವು ಬೇಕಿರಲಿಲ್ಲ. ತಡೆಯಲಿ ಎಂದೇ ನಿಮ್ಮನ್ನು ಕೇಳಿಕೊಂಡೆ" ಎಂದರು. ಬೈದಿದ್ದರೆ ಮೇಲಾಗಿತ್ತು.

ಅಂದಿನಿಂದ ನಾವು ಕಲಿಸಿದ್ದು, ಕಲಿತದ್ದೂ ಹೌದು, ನಿಲ್ಲುವುದನ್ನು. ಪಂದ್ಯದ ನಿಯಮದಂತೆ ಒಮ್ಮೆ 24 ಗಂಟೆ, ಎರಡು ಸಲ 8 ಗಂಟೆ ವಿಶ್ರಾಂತಿ ಕೊಡಲೇಬೇಕು. ಆದರೆ ಮಲಗಲರಿಯದ ನಾಯಿಗೆ ಅದರಿಂದೇನು ಫಲ? ಕಾಡಿನ ನಡುವೆ ಬಂಡಿ ನಿಲ್ಲಿಸಿ, ಹಿಮದಲ್ಲಿ ಕೊಕ್ಕೆಯೂರಿ, ಒಣಹುಲ್ಲು ಹಾಸುವುದು. ಪಾದಗಳ ಬಟ್ಟೆಚೀಲಗಳನ್ನು ಬಿಚ್ಚಿ ಬೆರಳ ಸಂದುಗಳನ್ನು ನೋಡುವುದು. ಹಿಮ ಕರಗಿಸಿ, ಮಾಂಸದ ಚೂರು ಬೆರೆಸಿ ಕುಡಿಸುವುದು. ಬರಿಯ ನೀರನ್ನು ಅವು ಮೂಸಿಯೂ ನೋಡವು. ಪಂದ್ಯದ ದಿನಗಳಲ್ಲಿ ಒಂದೊಂದಕ್ಕೂ 10,000 ಕ್ಯಾಲೊರಿಯಷ್ಟು ಆಹಾರ ಬೇಕಾಗುವುದಾದುದರಿಂದ, ಉಣ್ಣುವುದೂ ಒಂದು ಪಾಠವೇ. ಇವೆಲ್ಲ ಮುಗಿದ ಮೇಲೆ ನಮ್ಮ ಊಟ. ಅಷ್ಟುಹೊತ್ತಿಗೆ ರೊಟ್ಟಿ ಕಲ್ಲಾಗಿರುವುದು. ಮೊದಲೆರಡು ರಾತ್ರಿ ಬೊಗಳುತ್ತಲೇ ನಿಂತಿದ್ದ ನಾಯಿಗಳು, ಮೂರನೆಯ ರಾತ್ರಿ ಬಾಲದಲ್ಲಿ ಮೂಗು ಮುಚ್ಚಿಕೊಂಡು ಮಲಗಿದುವು.

ಮಾರ್ಚಿಯ ಹೊತ್ತಿಗೆ ಯಜಮಾನರ ಕಾಲು ನೆಟ್ಟಗಾಯಿತು. ನಮ್ಮ ಎಂಟರಲ್ಲಿ ಆರು ನಾಯಿಗಳು ಅವರೊಡನೆ ಪಂದ್ಯಕ್ಕೆ ಹೋದುವು. ಬೂದಿಯ ಊತ ಇಳಿದಿತ್ತಾದರೂ ಆ ಕಾಲನ್ನು ನೆಚ್ಚುವಂತಿರಲಿಲ್ಲ. ಲಾರಿ ಮರೆಯಾದ ಮೇಲೂ ಅದು ತನ್ನ ಗೂಡಿನ ಮಾಡನ್ನೇರಿ ಊಳಿಡುತ್ತಲೇ ಇತ್ತು. ನಮಗೆ ಒಳಗೆ ಕುಳಿತಿರಲಾಗಲಿಲ್ಲ. ಸಂಜೆ ಎರಡು ಮುದಿನಾಯಿಗಳೊಡನೆ ಅದನ್ನು ಹೂಡಿ, ನಡಿಗೆಯ ವೇಗದಲ್ಲಿ ಒಂದು ಮೈಲಿ ಹೋದೆವು. ತಿರುವಿನಲ್ಲಿ ನಿಲ್ಲೆಂದೆವು. ಬೂದಿ ನಿಂತಿತು, ಹಿಂದಿರುಗಿ ನಮ್ಮನ್ನೊಮ್ಮೆ ನೋಡಿ, ಹಿಮದಲ್ಲಿ ಸುತ್ತಿಕೊಂಡು ಮಲಗಿತು.