ತಲೆಯಲ್ಲಿದ್ದ ಲೆಕ್ಕ

ಮಾರ್ಕೆಟ್ ಯಾರ್ಡಿನ ನಮ್ಮ ಬೆಲ್ಲದ ಅಡತಿ ಅಂಗಡಿಯ ಲೆಕ್ಕಕ್ಕೆಂದು ಹಿರಿಯ ಮಗ ಒಂದು ಪ್ರೋಗ್ರಾಂ ಬರೆದಿದ್ದ. ಹುಬ್ಬಳ್ಳಿಯಲ್ಲಿರುವ ತಮ್ಮನ ಮಗಳೂ ಅದನ್ನು ತಿದ್ದುತ್ತಿದ್ದಳು. ಇಬ್ಬರ ಬರಹವೂ ‘ಗಿಟ್’ ಎಂಬ ಸಾಧನದ ಮೂಲಕ ಒಂದೇ ಕಣಜ ಸೇರುತ್ತಿತ್ತು. ಯಾರು, ಯಾವಾಗ, ಏನು ಬದಲಿಸಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ಲಿನಸ್ ಟೊರ್ವಾಲ್ಡ್ಸ್ ಅದನ್ನು ಮಾಡಿದ್ದು ೨೦೦೫ರಲ್ಲಿ.

ಮಗ ಪರದೇಶಕ್ಕೆ ಹೋದ. ದೀಪಾವಳಿಗೆ ಎಂಟು ದಿನವಿರುವಾಗ ಅಂಗಡಿಯ ಕಂಪ್ಯೂಟರ್ ಕೆಟ್ಟಿತು. ಲೆಕ್ಕದ ಪ್ರತಿ ಬೇರೆಡೆ ಇತ್ತು, ದೇವರು ದೊಡ್ಡವನು. ಹೊಸ ಯಂತ್ರ ತಂದು ಕಣಜದಿಂದ ಪ್ರೋಗ್ರಾಂ ಇಳಿಸಿಕೊಂಡರೆ ಅದು ಏಳಲೇ ಇಲ್ಲ. ರೈತರ ಪಟ್ಟಿ ಚುಕ್ತಾ ಆಗಬೇಕು! ತಮ್ಮನ ಮಗಳು ರಾತ್ರಿ ಗಾಡಿಗೆ ಬಂದಳು. “ದೊಡ್ಡಪ್ಪಾ, ಪ್ರೋಗ್ರಾಂ ಇಲ್ಲೇ ಐತಿ. ಚಾಲೂ ಮಾಡೋದು ಅಣ್ಣನ ತಲಿಯಾಗ ಉಳದೈತಿ,” ಎಂದಳು.

ಗುಪ್ತಪದವಿದ್ದ ಕಡತವನ್ನು ಅವನು ಕಣಜದ ಹೊರಗಿಟ್ಟಿದ್ದ. ಅದು ಸರಿಯೇ. ಆದರೆ ಅಂಥದೊಂದು ಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಆಕೆ ಎರಡು ದಿನ ಹುಡುಕಿ, ಹೆಜ್ಜೆಗಳನ್ನೆಲ್ಲ ‘ಮೇಕ್’ ಎಂಬ ಸಾಧನಕ್ಕಾಗಿ ಒಂದು ಕಡತದಲ್ಲಿ ಬರೆದಳು. ಅದು ೧೯೭೬ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಮಾಡಿದ್ದು. ‘ಮೇಕ್ ಸೆಟಪ್’ ಎಂದರೆ ಬೇಕಾದ ಸಾಮಾನು ಬರುತ್ತದೆ. ‘ಮೇಕ್ ಟೆಸ್ಟ್’ ಎಂದರೆ ಸುಳ್ಳು ಪಟ್ಟಿಗಳ ಮೇಲೆ ಪರೀಕ್ಷೆ. ‘ಮೇಕ್ ರನ್’ ಎಂದರೆ ಚಾಲೂ. ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕಂತೆ. ಬರೀ ಸ್ಪೇಸ್ ಬಿಟ್ಟಿದ್ದಕ್ಕೆ ಮೊದಲು ಅದೂ ಮುನಿಯಿತು.

ಕೊನೆಗೆ ಮೂರನ್ನೂ ನಮ್ಮ ಕೈಯಿಂದಲೇ ಹಾಕಿಸಿದಳು. ಗೊತ್ತಿಲ್ಲದವರು ನಡೆಸಿದರೇ ಬರೆದದ್ದು ಸರಿಯೆಂದು ತಿಳಿಯುವುದಂತೆ. ಪಟ್ಟಿಗಳು ಮೂಡಿದವು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಯಾರ ಉದ್ರಿ ಎಷ್ಟು, ಯಾರಿಗೆ ಬರೀ ಬಾಯಿಮಾತಿನ ಮೇಲೆ ಕೊಟ್ಟಿದ್ದೇವೆ, ಎಲ್ಲವೂ ನಮ್ಮ ತಲೆಯಲ್ಲೇ ಇತ್ತು. ಬೆಳಗಾಗುತ್ತಲೇ ಒಂದು ವಹಿ ತೆಗೆದು ಬರೆಯಲು ಕುಳಿತೆವು.