ಅಕ್ಕನ ಭಾವಚಿತ್ರ

ಶಾಸ್ತ್ರಕಾರರು ವ್ಯರ್ಥವಾದ ವಿಚಾರಕ್ಕೆ ‘ಕಾಕದಂತಪರೀಕ್ಷೆ’ ಎಂದು ಹೆಸರಿಟ್ಟಿರುವರು. ಕಾಗೆಗೆ ಹಲ್ಲೆಷ್ಟೆಂದು ಎಣಿಸಹೊರಡುವ ಈ ಕೆಲಸವನ್ನು ಕಳೆದ ವರ್ಷ ನಾನೇ ಐದು ತಿಂಗಳು ಮಾಡಿದೆನೆಂದು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನನ್ನ ಅಕ್ಕನಿಗೆ ಎಂಬತ್ತೆರಡು ವರ್ಷ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಅವಳದೊಂದು ಒಳ್ಳೆಯ ಭಾವಚಿತ್ರ ನಮ್ಮಲ್ಲಿರಲಿಲ್ಲ. ಇದ್ದುದು ಆಧಾರ್ ಚೀಟಿಯ ಮೇಲಿನದೊಂದೇ. ಯುಗಾದಿಯ ದಿನ, ಹೊಸ ಡಿಜಿಟಲ್ ಕ್ಯಾಮರಾ ಕೊಂಡು ನಾನೇ ತೆಗೆಯುವೆನೆಂದು ಅವಳಿಗೆ ಮಾತು ಕೊಟ್ಟೆನು.

ಛಾಯಾಗ್ರಾಹಕರಾದ ಇಬ್ಬರು ಹಳೆಯ ಶಿಷ್ಯರನ್ನು ಕೇಳಿದೆನು. ಒಬ್ಬನದು ಸೋನಿಯ ಪಕ್ಷ: ಅದರ ಇ-ಮೌಂಟ್ 2010ರಲ್ಲಿಯೇ ಬಂದುದರಿಂದ ಸಿಗ್ಮಾ, ಟ್ಯಾಮ್ರಾನ್ ಮೊದಲಾದವರ ಮಸೂರಗಳೂ ಅದಕ್ಕೆ ಹೇರಳವಾಗಿ ದೊರೆಯುವುವೆಂದನು. ಇನ್ನೊಬ್ಬನು ಮೈಬಣ್ಣಕ್ಕೆ ಕ್ಯಾನನ್ನಿಗೆ ಸಮನಿಲ್ಲವೆಂದನು. ನನ್ನ ಮನಸ್ಸಾದರೋ ನಿಕಾನಿನಲ್ಲಿ ನೆಟ್ಟಿತ್ತು. ಫಿಲ್ಮಿನ ಕಾಲದ 85 ಮಿಲಿಮೀಟರಿನ ಮಸೂರವೊಂದು ನನ್ನ ಪೆಟ್ಟಿಗೆಯಲ್ಲಿದ್ದಿತು.

ಪೂರ್ವಪಕ್ಷಗಳನ್ನು ಒಂದೊಂದಾಗಿ ಪರೀಕ್ಷಿಸಿದೆನು. ಕಣ್ಣನ್ನು ತಾನೇ ಹುಡುಕಿ ಸ್ಫುಟಗೊಳಿಸುವ ಶಕ್ತಿ ಮೂವರ ಯಂತ್ರಗಳಲ್ಲಿಯೂ ಉಂಟು. ಚಿತ್ರವನ್ನು ‘ರಾ’ ರೂಪದಲ್ಲಿ ಉಳಿಸಿಕೊಂಡರೆ ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಬಹುದು. ಮುಖದ ಅಂಗಗಳ ಪ್ರಮಾಣವಂತೂ ಕಂಪನಿಯನ್ನಾಗಲಿ ಮಸೂರವನ್ನಾಗಲಿ ಅವಲಂಬಿಸಿದುದಲ್ಲ, ನಾವು ನಿಂತ ದೂರವನ್ನು ಅವಲಂಬಿಸಿದುದು. ತೀರ ಹತ್ತಿರ ನಿಂತರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುವುವು. ಆರಡಿ ದೂರದಲ್ಲಿ ಮುಖ ಮುಖದಂತಿರುವುದು. ಅಲ್ಲಿ ನಿಂತೇ ಚೌಕಟ್ಟನ್ನು ತುಂಬಲು 85 ಮಿಲಿಮೀಟರಿನ ಮಸೂರ ಬೇಕು, ಅಷ್ಟೆ.

ಉಳಿದುದು ನನ್ನ ಹಳೆಯ ಮಸೂರದ ಮಾತು. ನಿಕಾನಿನವರು 1959ರ ಎಫ್-ಮೌಂಟನ್ನು ಬಿಟ್ಟು 2018ರಲ್ಲಿ ಜೆಡ್-ಮೌಂಟನ್ನು ತಂದರು. ಹಳೆಯದನ್ನು ಅವರ ಅಡಾಪ್ಟರಿನಿಂದ ಜೋಡಿಸಬಹುದಾದರೂ, ಅದನ್ನು ನಡೆಸುವ ಮೋಟಾರು ಅದರಲ್ಲಿಲ್ಲ, ಕೈಯಿಂದಲೇ ತಿರುಗಿಸಬೇಕು. ಎಫ್ 1.8ಕ್ಕೆ ತೆರೆದಾಗ ಆರೇಳಡಿಯಲ್ಲಿ ಸ್ಫುಟವಾಗಿ ಕಾಣುವ ಆಳ ಸುಮಾರು 6 ಸೆಂಟಿಮೀಟರು ಮಾತ್ರ. ಪೊರೆಯ ಶಸ್ತ್ರಚಿಕಿತ್ಸೆಯಾದ ನನ್ನ ಕಣ್ಣಿಗೆ ಅದು ನಿಲುಕದೆಂದು ಒಪ್ಪಿಕೊಳ್ಳುವುದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು.

ಕೊನೆಗೆ ಅಂಗಡಿಯಲ್ಲಿ ಮೂರನ್ನೂ ಕೈಯಲ್ಲಿ ಹಿಡಿದು ನೋಡಿ, ನಿಕಾನನ್ನೇ ಕೊಂಡೆನು. ಅದರ ಮಸೂರವನ್ನು ಜೋಡಿಸುವಾಗ ಎಡಕ್ಕೆ ತಿರುಗಿಸಬೇಕು, ಉಳಿದೆರಡರಲ್ಲಿ ಬಲಕ್ಕೆ. ಮೂವತ್ತು ವರ್ಷಗಳ ಕೈಯಭ್ಯಾಸವೇ ನಿರ್ಣಯ ಹೇಳಿತು. ಹಳೆಯ ಮಸೂರವನ್ನು ಪೆಟ್ಟಿಗೆಯಲ್ಲಿಟ್ಟು, ಹೊಸದೊಂದಕ್ಕೆ ಪಿಂಚಣಿಯ ಉಳಿತಾಯವನ್ನು ತೆತ್ತೆನು.

ಗೌರಿಹಬ್ಬಕ್ಕೆ ತವರಿನ ಬಾಗಿನದೊಡನೆ ಅಕ್ಕನ ಊರಿಗೆ ಹೋದೆನು. ಆಷಾಢದಲ್ಲಿ ಅವಳ ಉಳಿದ ಹಲ್ಲುಗಳನ್ನೆಲ್ಲ ಕೀಳಿಸಿದ್ದರು.

“ಯುಗಾದಿಯ ಮಾರನೆಯ ದಿನವೇ ಬಂದಿದ್ದರೆ ಮುಂದಿನ ನಾಲ್ಕು ಹಲ್ಲಾದರೂ ಇದ್ದುವಲ್ಲೋ ತಮ್ಮಾ!” ಎಂದಳು. ನಾನೇನು ಹೇಳಲಿ? ಕಾಗೆಯ ಹಲ್ಲೆಣಿಸುತ್ತಿದ್ದೆನೆಂದೆನು. ಅದನ್ನು ಕೇಳಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅದೇ ಗಳಿಗೆಯಲ್ಲಿ, ನಡುಮನೆಯ ಕಿಟಕಿಯ ಬೆಳಕಿನಲ್ಲಿ, ಚಿತ್ರ ತೆಗೆದೆನು.

ಕಣ್ಣುಗಳು ಚೆನ್ನಾಗಿ ಬಂದಿವೆ. ರೆಪ್ಪೆಯ ಕೂದಲನ್ನು ಎಣಿಸಬಹುದು. ನಗೆ ಮಾತ್ರ ಸೆರಗಿನ ಹಿಂದೆ ಇದೆ.