ಕೊಣನೂರಿನ ಹಿತ್ತಿಲಲ್ಲಿ ಕೋಳಿಯ ಊಟದ ಲೆಕ್ಕ

ಕೊಡಗಿನ ಕಡೆಯಿಂದ ಹರಿದು ಬರುವ ಕಾವೇರಿಯ ದಂಡೆಯಲ್ಲಿರುವ ಹೋಬಳಿ ಊರು ಕೊಣನೂರು. ಅರಕಲಗೂಡು ತಾಲ್ಲೂಕಿಗೆ ಸೇರಿದ ಇಲ್ಲಿಗೆ ಬಂದವರು ಹೊಳೆಯ ಮೇಲಿನ ತೂಗುಸೇತುವೆ ನೋಡಿಕೊಂಡು, ಹತ್ತಿರದ ರಾಮನಾಥಪುರದ ದೇವಸ್ಥಾನಕ್ಕೆ ಹೋಗುವುದು ವಾಡಿಕೆ. ನಾಲೆಯ ನೀರು ಹರಿಯುವಲ್ಲಿ ಭತ್ತ, ಮೇಲಿನ ಹೊಲಗಳಲ್ಲಿ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ. ಹೊಲದಲ್ಲಿ ಬೆಳೆದದ್ದೇ ಹಿತ್ತಿಲ ಕೋಳಿಗೂ ಊಟ: ಒಂದಿಷ್ಟು ನುಚ್ಚು, ತೌಡು, ಒಂದು ಹಿಡಿ ರಾಗಿ.

ಹಿತ್ತಿಲ ಕೋಳಿಗಳೆಲ್ಲ ಒಂದೇ ಬಗೆಯವಲ್ಲ. ಮೊಟ್ಟೆಯಿಡುವ ನಾಟಿ ಹೇಂಟೆ, ಹುಂಜ, ತಾಯಿಯ ಹಿಂದೆ ಓಡುವ ಮರಿಗಳು, ಕೆಲವು ಮನೆಗಳಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ. ಇವೆಲ್ಲ ಒಂದೇ ತಟ್ಟೆಗೆ ಕೊಕ್ಕು ಹಾಕುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ.

ಒಂದು ಮೊಟ್ಟೆಯ ಚಿಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಸುಮಾರು 2 ಗ್ರಾಂ. ಧಾನ್ಯಗಳಲ್ಲಿ ಕ್ಯಾಲ್ಸಿಯಂಗೆ ಹೆಸರಾದ ರಾಗಿಯಲ್ಲೂ 100 ಗ್ರಾಂಗೆ ಇರುವುದು ಸುಮಾರು 350 ಮಿಲಿಗ್ರಾಂ ಮಾತ್ರ. ಹೇಂಟೆ ದಿನವಿಡೀ 100 ಗ್ರಾಂ ರಾಗಿಯನ್ನೇ ತಿಂದರೂ ಒಂದು ಚಿಪ್ಪಿನ ಐದನೆಯ ಒಂದು ಪಾಲೂ ತುಂಬದು. ಜೋಳ, ನುಚ್ಚುಗಳಲ್ಲಂತೂ ಇನ್ನೂ ಕಡಿಮೆ. ಕೊರತೆ ಬಿದ್ದದ್ದನ್ನು ಹೇಂಟೆ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಕ್ರಮೇಣ ಚಿಪ್ಪು ತೆಳುವಾಗುತ್ತದೆ, ಕಾಲು ಸೋಲುತ್ತದೆ.

ಹಾಗೆಂದು ಅಂಗಡಿಯಿಂದ ಲೇಯರ್ ಫೀಡ್ ತಂದು ಎಲ್ಲಕ್ಕೂ ಸುರಿಯುವುದು ತರವಲ್ಲ. ಅದರಲ್ಲಿ ಶೇ 3ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮರಿಗೆ ಶೇ 1ರಷ್ಟು ಸಾಕು. ವಾರಗಟ್ಟಲೆ ಅದನ್ನೇ ತಿಂದ ಮರಿಯ ಮೂತ್ರಪಿಂಡ ಕೆಡಬಹುದು. ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಕೂತು ಮರಿ ಸಾಯುವುದೂ ಉಂಟು. ಮೊಟ್ಟೆಯಿಡದ ಹುಂಜಕ್ಕೂ ಅಷ್ಟು ಕ್ಯಾಲ್ಸಿಯಂ ಬೇಕಿಲ್ಲ.

ದಾರಿ ಸರಳವಾಗಿದೆ. ಬೆಳೆದ ಕೋಳಿಗಳಿಗೆಲ್ಲ ಸುಮಾರು ಶೇ 16ರಷ್ಟು ಪ್ರೋಟೀನ್ ಇರುವ ಗ್ರೋವರ್ ಫೀಡ್ ಹಾಕಿ, ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ, ಮರಿಗಳಿಗೆ ಎಟುಕದ ಎತ್ತರದಲ್ಲಿ ಇಡಬೇಕು. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ. ಮರಿಗಳಿಗೆ ಶೇ 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಬೇಕು. ಮರಿ ಮಾತ್ರ ನುಸುಳುವಷ್ಟು ಕಂಡಿ ಬಿಟ್ಟ ಬಿದಿರಿನ ಪಂಜರದೊಳಗೆ ಅದನ್ನಿಟ್ಟರೆ ದೊಡ್ಡ ಕೋಳಿಗಳ ಕಾಟವಿಲ್ಲ. ಮನೆಯ ಜೋಳ, ತೌಡಿಗೆ ಕಡಲೆಕಾಯಿ ಹಿಂಡಿ ಬೆರೆಸುವವರು ಬೂಷ್ಟು ಹಿಡಿದ ಹಿಂಡಿಯನ್ನು ದೂರವಿಡಬೇಕು; ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ.

ಚಿಪ್ಪಿನ ಗುಟ್ಟನ್ನು ವಿದ್ಯಾರ್ಥಿಗಳು ಅಡುಗೆಮನೆಯಲ್ಲೇ ನೋಡಬಹುದು. ಒಡೆದ ಮೊಟ್ಟೆಯ ಚಿಪ್ಪಿನ ಮೇಲೆ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆಗಳೇಳುತ್ತವೆ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅದು. ಹೇಂಟೆ ಪ್ರತಿ ಮೊಟ್ಟೆಗೂ ಇದನ್ನು ಹೊಸದಾಗಿ ಕೂಡಿಸಬೇಕು.